ಬ್ಯಾರಿಸ್ಟರ್ ಸಾಹೇಬ್ರ ಇಂಗ್ಲಿಷು, ಪುಂಡಿಪಲ್ಯದ ಲೆಕ್ಕ

ನಮ್ಮೂರಿಗೆ ಮೂರು ಹೆಸರು. ಮೂರನ್ನೂ ನಾನು ಒಬ್ಬರದೇ ಬಾಯಲ್ಲಿ ಕೇಳಿದ್ದೇನೆ. ಹೈದರಾಬಾದಿನಿಂದ ಹಳೆಯ ಗೆಳೆಯರು ಬಂದರೆ ಅದು ‘ಗುಲ್ಬರ್ಗಾ ಶರೀಫ್’. ಇಂಗ್ಲಿಷ್ ಮಾತಾಡುವಾಗ ‘ಗುಲ್ಬಾಗಾ’, ನಡುವಿನ ‘ರ’ ಎಲ್ಲೋ ಹಾರಿಹೋಗಿರುತ್ತಿತ್ತು. ಬಾಗಿಲಿಗೆ ತರಕಾರಿ ಮಾರಲು ಬಂದವಳ ಜೊತೆ ‘ಕಲಬುರ್ಗಿ’. ಸರ್ಕಾರ 2014ರಲ್ಲಿ ಬೋರ್ಡುಗಳನ್ನೆಲ್ಲ ಬದಲಿಸಿ ಕಲಬುರಗಿ ಅಂತ ಬರೆಸಿದಾಗ ಬ್ಯಾರಿಸ್ಟರ್ ಸಾಹೇಬ್ರು ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ಇದ್ದಿದ್ದರೆ ‘ನಾ ಮೊದ್ಲಿಂದ ಅದೇ ಅನ್ಲತ್ತೀನಿ ಅಲ್ಲೇನ್ರೀ’ ಅಂತಿದ್ದರೇನೋ. ಅಥವಾ ಏನೂ ಅನ್ನದೆ ಸುಮ್ನೆ ಸಿಗರೇಟು ಹಚ್ಚುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನವರೂ ಅವರನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಹಳೆಯ ದೇಶಮುಖರ ಮನೆತನ. ಮನೆಮಾತು ಕನ್ನಡ, ಓದಿದ್ದು ಉರ್ದುವಿನಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ನಾನು ನೋಡುವ ಹೊತ್ತಿಗೆ ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರು. ಪತ್ರಿಕೆಗಳಿಗೆ ಲೇಖನ ಬರೆಯೋರು, ಆಗೀಗ ರೇಡಿಯೋದಲ್ಲಿ ಭಾಷಣ ಓದೋರು. ವಚನಗಳನ್ನು ಇಂಗ್ಲಿಷಿಗೆ ತರುವ ಕೆಲಸವೊಂದನ್ನು ಮೂವತ್ತು ವರ್ಷದಿಂದ ‘ಇನ್ನೇನು ಮುಗೀತು’ ಅಂತಿದ್ದರು. ಅದು ಮುಗಿಯಲೇ ಇಲ್ಲ.

ನನ್ನ ಮುತ್ಯಾ, ಅಂದರೆ ಅಜ್ಜ, ಅವರ ಹತ್ತಿರ ಮುನ್ಶಿ ಆಗಿದ್ದ. ದಸ್ತಾವೇಜು, ವಕಾಲತ್‌ನಾಮೆ, ಪಂಚನಾಮೆ ಇವೇ ಅವನ ಪ್ರಪಂಚ. 1989ರಲ್ಲಿ ಸಾಹೇಬ್ರ ಎರಡೂ ಕಣ್ಣಿಗೆ ಪೊರೆ ಬಂತು. ಹಡಗು ಹತ್ತಿ ಲಂಡನ್ನಿಗೆ ಹೋಗಿ ಬಂದ ಮನುಷ್ಯನಿಗೆ ಕಣ್ಣಿನ ಆಪರೇಷನ್ ಅಂದರೆ ಹೆದರಿಕೆ. ಮುಂದಕ್ಕೆ ಹಾಕುತ್ತಲೇ ಹೋದರು. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನನ್ನು ಮುತ್ಯಾ ಪತ್ರಿಕೆ ಓದಿ ಹೇಳಲು ಕಳಿಸಿದ. ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆ ಮಧ್ಯಾಹ್ನಕ್ಕೆ ಕೈಗೆ ಸಿಗುತ್ತಿತ್ತು. ಸ್ಕೂಲು ಬಿಟ್ಟ ಮೇಲೆ ಒಂದು ತಾಸು ಓದುವುದು, ತಿಂಗಳಿಗೆ ಮೂವತ್ತು ರೂಪಾಯಿ.

ಮೇ ತಿಂಗಳ ಕಲಬುರಗಿ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಸಾಹೇಬ್ರ ವಾಡೆಯ ಒಳಗೆ ಮಾತ್ರ ಬೇರೆ ಹವಾ. ದಪ್ಪ ಗೋಡೆ, ಕಾಲಿಗೆ ತಣ್ಣಗೆ ಹತ್ತುವ ಶಹಾಬಾದಿ ಫರ್ಶಿ, ಕಿಟಕಿಗೆ ನೀರು ಚಿಮುಕಿಸಿದ ಖಸ್ ತಟ್ಟಿ, ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸುರಾಯಿ. ಆ ತಂಪಿನಲ್ಲಿ, ಆ ಅರ್ಧ ಕತ್ತಲಲ್ಲಿ, ಆರಾಮ ಕುರ್ಚಿಯಲ್ಲಿ ಬಿಳಿ ಪೈಜಾಮ ಹಾಕಿಕೊಂಡ ತೆಳ್ಳನೆಯ ಮುದುಕ. ಮೊದಲ ದಿನ ಅವರು ಬಾಯಿ ತೆರೆದಾಗ ನನಗೆ ನಗು ಬಂದುಬಿಟ್ಟಿತ್ತು.

ಅಂಥ ಇಂಗ್ಲಿಷ್ ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ಸ್ಕೂಲಿನ ಮಾಸ್ತರರು ‘ಆಫ್’ ಅನ್ನೋದನ್ನು ಇವರು ‘ಓಫ್’ ಅನ್ನೋರು, ಬಾವಿಯೊಳಗಿಂದ ಬಂದ ಹಾಗೆ. ‘ಗರ್ಲ್’ ಅಲ್ಲ, ‘ಗೆಲ್’. ‘ಹೌಸ್’ ಅಲ್ಲ, ಹೆಚ್ಚುಕಡಿಮೆ ‘ಹೈಸ್’. ‘ವೆರಿ’ ಅನ್ನುವಾಗ ನಾಲಿಗೆ ಒಮ್ಮೆ ಮೇಲಕ್ಕೆ ತಾಗಿ ‘ವೆಡಿ’ ಆಗುತ್ತಿತ್ತು. ತುಟಿ ಜಾಸ್ತಿ ಅಲುಗುತ್ತಿರಲಿಲ್ಲ. ಹಲ್ಲು ನೋಯುವವರು ಮಾತಾಡಿದ ಹಾಗಿತ್ತು. ನಾನು ಓದುತ್ತಾ ಸೈನ್ಯದ ಅಧಿಕಾರಿಯೊಬ್ಬರ ಹುದ್ದೆಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ‘ಕೊಲೊನೆಲ್’ ಅಂದೆ. ಅವರು ನಗಲಿಲ್ಲ. ‘ಕರ್ನಲ್ ಅನಬೇಕು ತಮ್ಮಾ. ಇಂಗ್ಲೀಷನವ್ರು ಬರ್ಯೂದು ಒಂದು, ಅನ್ನೂದು ಒಂದು. ನಮ್ಮ ತಹಸೀಲ್ದಾರ ಇದ್ದಂಗ’ ಅಂದರು.

ಈ ಎರಡನೇ ವಾಕ್ಯಕ್ಕೆ ನಾನು ಬೆಚ್ಚಿದ್ದೆ. ಅದು ನಮ್ಮ ಓಣಿಯ ಕನ್ನಡ. ಕಟ್ಟೆ ಮೇಲೆ ಕೂತ ಮುದುಕರ ಕನ್ನಡ. ಅದೇ ಬಾಯಿಂದ.

ಅವರು ಲಂಡನ್ನಿಗೆ ಹೊರಟಿದ್ದು 1951ರಲ್ಲಿ. ಅದಕ್ಕೂ ಮೊದಲು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಕಾನೂನು, ವಿಜ್ಞಾನ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ಪಠ್ಯಪುಸ್ತಕ ತಯಾರಿಸಲು ಒಂದು ಅನುವಾದ ಕಚೇರಿಯನ್ನೇ ತೆರೆದಿದ್ದರು. ಭಾರತದ ಒಂದು ಭಾಷೆಯಲ್ಲಿ ಡಿಗ್ರಿವರೆಗೆ ಎಲ್ಲವನ್ನೂ ಕಲಿಸಬಹುದು ಅಂತ ಮೊದಲು ಮಾಡಿ ತೋರಿಸಿದ ಜಾಗ ಅದು. ಆದರೆ ನಿಜಾಮರ ಪ್ರಜೆಗಳಲ್ಲಿ ಬಹುಪಾಲು ಜನ ತೆಲುಗು, ಮರಾಠಿ, ಕನ್ನಡದವರು. ಅವರಿಗೆ ಉರ್ದುವೂ ಪರಭಾಷೆಯೇ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ನಿಜಾಮರ ರಾಜ್ಯವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಆಕ್ಷನ್ ಹೊತ್ತಿಗೆ ಇವರು ಅಲ್ಲಿ ವಿದ್ಯಾರ್ಥಿ. ಆ ದಿನಗಳ ಬಗ್ಗೆ ಎಷ್ಟು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ ‘ಯಾರ್ ಯಾರ್ ಏನೇನ್ ಮಾಡಿದ್ರು ಅಂತ ಎಲ್ಲಾರಿಗೂ ಗೊತ್ತದ. ಓದು’ ಅಂದಿದ್ದರು.

ಬ್ಯಾರಿಸ್ಟರ್ ಆಗಬೇಕಾದರೆ ಪರೀಕ್ಷೆ ಪಾಸಾದರಷ್ಟೇ ಸಾಲದು, ‘ಇನ್’ ಅನ್ನುವ ಅಲ್ಲಿಯ ವಕೀಲರ ಸಂಘದ ಊಟದ ಹಾಲ್‌ನಲ್ಲಿ ಇಂತಿಷ್ಟು ರಾತ್ರಿ ಊಟ ಮಾಡಿರಬೇಕು ಅನ್ನುವ ನಿಯಮ ಕೇಳಿ ಮುತ್ಯಾ ನಕ್ಕು ನಕ್ಕು ಸುಸ್ತಾಗಿದ್ದನಂತೆ. ‘ಊಟ ಮಾಡಿ ವಕೀಲ ಆದ್ರಿ?’ ಹೌದು, ಹಾಗೇ. ಉದ್ದನೆ ಮೇಜು, ಕಪ್ಪು ಗೌನು, ಎದುರಿಗೆ ಕೂತವರು ದೊಡ್ಡ ದೊಡ್ಡ ಮನೆತನದ ಹುಡುಗರು. ಆಗ ಅಲ್ಲಿ ಮಾಂಸ, ಬೆಣ್ಣೆಗೆಲ್ಲ ರೇಷನ್ನು. ಅದು ಪೂರ್ತಿ ಮುಗಿದದ್ದು 1954ರಲ್ಲಿ. ‘ತಿನ್ಲಾಕ ಏನೂ ಇರ್ತಿದ್ದಿಲ್ಲ, ಅದ್ಕ ಎಲ್ಲಾರೂ ಮಾತಾಡ್ತಿದ್ರು’ ಅನ್ನೋರು ಸಾಹೇಬ್ರು. ಆ ಮೇಜಿನ ಮೇಲೆ ಕಲಿತ ಇಂಗ್ಲಿಷು ಅದು. ಬಾಡಿಗೆ ಕೋಣೆಗೆ ಬಂದ ಮೇಲೆ ಬಿಬಿಸಿ ರೇಡಿಯೋ ಹಾಕಿಕೊಂಡು ಅದನ್ನೇ ಒತ್ತಿ ಒತ್ತಿ ಅಭ್ಯಾಸ.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಉಚ್ಚಾರದ ಬಗ್ಗೆ ದೊಡ್ಡ ಗದ್ದಲ ನಡೆದಿತ್ತು. ಆಲನ್ ರಾಸ್ ಅನ್ನುವ ಭಾಷಾಶಾಸ್ತ್ರಜ್ಞ 1954ರಲ್ಲಿ ಮೇಲ್ವರ್ಗದವರು ಯಾವ ಪದ ಬಳಸುತ್ತಾರೆ, ಉಳಿದವರು ಯಾವುದು ಅಂತ ಒಂದು ಪ್ರಬಂಧ ಬರೆದ. ಮರುವರ್ಷ ಕಾದಂಬರಿಕಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಅದನ್ನು ಎತ್ತಿಕೊಂಡು ಲೇಖನ ಬರೆದದ್ದೇ ತಡ, ಇಡೀ ದೇಶ ತನ್ನ ನಾಲಿಗೆಯನ್ನು ತಾನೇ ಹೊರಗೆ ಚಾಚಿ ನೋಡಿಕೊಳ್ಳತೊಡಗಿತು. ಕನ್ನಡಿಗೆ ‘ಮಿರರ್’ ಅಂದರೆ ನೀವು ಸಾಧಾರಣ ಜನ, ‘ಲುಕಿಂಗ್ ಗ್ಲಾಸ್’ ಅಂದರೆ ದೊಡ್ಡವರು. ಸಾಹೇಬ್ರು ಕೊನೆವರೆಗೂ ಲುಕಿಂಗ್ ಗ್ಲಾಸ್ ಅಂತಲೇ ಅನ್ನುತ್ತಿದ್ದರು. ಆ ವಾಡೆಯಲ್ಲಿ ಇದ್ದದ್ದು ಒಂದೇ ಕನ್ನಡಿ, ಅದೂ ಮೂಲೆ ಒಡೆದದ್ದು.

1957ರಲ್ಲಿ ವಾಪಸ್ ಬಂದರು. ಹೋಗುವಾಗ ಗುಲ್ಬರ್ಗಾ ಹೈದರಾಬಾದ್ ರಾಜ್ಯದಲ್ಲಿತ್ತು, ಬರುವಾಗ ಮೈಸೂರು ರಾಜ್ಯದಲ್ಲಿ. ವಾಡೆ ಇದ್ದಲ್ಲೇ ಇತ್ತು, ಬೇವಿನ ಮರ ಇದ್ದಲ್ಲೇ ಇತ್ತು. ಆದರೆ ಅವರ ಉರ್ದು ಕಾನೂನು ಪುಸ್ತಕಗಳನ್ನು ಕೇಳುವವರಿಲ್ಲ. ಬೆಂಗಳೂರಿನಿಂದ ಬರುವ ಕಾಗದ ಕನ್ನಡದಲ್ಲಿ ಬಂದರೆ ಓದಲು ಬರುವುದಿಲ್ಲ.

ಈ ಕೊನೆಯ ಮಾತನ್ನು ನಾನು ಬಹಳ ದಿನ ನಂಬಿರಲಿಲ್ಲ. ಕನ್ನಡ ಮಾತಾಡುವ ಮನುಷ್ಯನಿಗೆ ಕನ್ನಡ ಓದಲು ಬರಲ್ಲ ಅಂದರೆ? ಆಮೇಲೆ ಗೊತ್ತಾಯಿತು, ಆ ಕಾಲದ ನಮ್ಮ ಕಡೆಯ ಎಷ್ಟೋ ಓದಿದವರ ಕತೆ ಇದೇ. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಉರ್ದು. ನೂತನ ವಿದ್ಯಾಲಯದಂಥ ಶಾಲೆ 1907ರಷ್ಟು ಹಿಂದೆಯೇ ಊರಲ್ಲಿ ಶುರುವಾಗಿತ್ತು, ಆದರೆ ಸರ್ಕಾರಿ ನೌಕರಿ ಬೇಕಿದ್ದವರ ಮನೆಯಲ್ಲಿ ಉರ್ದುವೇ ಗತಿ.

ಒಂದು ದಿನ ಕಪಾಟಿನಿಂದ ಹಳೆಯ ನೋಟುಬುಕ್ಕು ತೆಗೆಸಿದರು. ಹಸಿರು ಬಟ್ಟೆಯ ರಟ್ಟು, ಒಳಗೆ ಉರ್ದು ಬರಹ, ಬಲದಿಂದ ಎಡಕ್ಕೆ. ನನಗೆ ಉರ್ದು ಓದಲು ಬರುತ್ತಿರಲಿಲ್ಲ. ಮುತ್ಯಾನ ಕೈಗೆ ಕೊಟ್ಟು ‘ಓದ್ರಿ ಮುನ್ಶಿ’ ಅಂದರು. ಮುತ್ಯಾ ಕನ್ನಡಕ ಏರಿಸಿ ಓದಲು ಶುರು ಮಾಡಿದ. ಅದು ಕನ್ನಡ! ಅವರ ತಾಯಿ ದಿನಾ ಹೇಳುತ್ತಿದ್ದ ವಚನಗಳನ್ನು ಹುಡುಗನಾಗಿದ್ದಾಗ ತನಗೆ ಬರುತ್ತಿದ್ದ ಒಂದೇ ಲಿಪಿಯಲ್ಲಿ ಬರೆದಿಟ್ಟುಕೊಂಡಿದ್ದರು. ಉರ್ದುವಿನಲ್ಲಿ ‘ಳ’ ಇಲ್ಲ. ‘ಲ’ ಕೆಳಗೆ ಒಂದು ಚುಕ್ಕೆ ಇಟ್ಟರೆ ‘ಳ’ ಅಂತ ಅವರೇ ಒಂದು ನಿಯಮ ಮಾಡಿಕೊಂಡಿದ್ದರು. ಅಲ್ಲಲ್ಲಿ ಚುಕ್ಕೆ ಇಡಲು ಮರೆತಿದ್ದರು. ಚುಕ್ಕೆ ಮರೆತಲ್ಲೆಲ್ಲ ಕಳ್ಳು ಹೋಗಿ ಕಲ್ಲು, ಹಳ್ಳಿ ಹೋಗಿ ಹಲ್ಲಿ. ಮುತ್ಯಾ ಗಂಭೀರವಾಗಿ ‘ಹಲ್ಲಿಗೆ ಹೋಗಿ’ ಅಂತ ಓದಿದಾಗ ಮೂವರೂ ಬಿದ್ದು ಬಿದ್ದು ನಕ್ಕೆವು. ಆ ಹೊತ್ತಿಗೆ ಸಾಹೇಬ್ರಿಗೆ ಕನ್ನಡ ಅಕ್ಷರ ಬರುತ್ತಿತ್ತು. ನಲವತ್ತು ದಾಟಿದ ಮೇಲೆ ಕಲಿತದ್ದು, ಸೂಪರ್ ಮಾರ್ಕೆಟ್ ಕಡೆ ಹೋಗಿ ಅಂಗಡಿ ಬೋರ್ಡು ಓದಿ ಓದಿ. ಕನ್ನಡದಲ್ಲಿ ತಾನು ಮೊದಲು ಓದಿದ ಸಾಲು ‘ಇಲ್ಲಿ ಸಾಲ ಕೇಳಬೇಡಿ’ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು.

ಊರಲ್ಲಿ ಅವರ ಇಂಗ್ಲಿಷಿನ ಬಗ್ಗೆ ಎರಡು ಅಭಿಪ್ರಾಯ. ಒಂದು, ‘ಅಬ್ಬಾ ಏನ್ ಇಂಗ್ಲೀಷ್ರೀ!’ ಇನ್ನೊಂದು, ‘ಸೊಕ್ಕು’. ನಾನು ಎರಡನೆಯ ಪಾರ್ಟಿ. ರಾಣಿ ಥರ ಮಾತಾಡ್ತಾರೆ ಅಂತ ಗೆಳೆಯರ ಮುಂದೆ ಅಣಕಿಸಿ ತೋರಿಸುತ್ತಿದ್ದೆ.

ಆದರೆ ರಾಣಿಯೇ ಹಾಗೆ ಮಾತಾಡುವುದನ್ನು ಬಿಟ್ಟಿದ್ದಳು. ಇದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಎರಡನೇ ಎಲಿಜಬೆತ್ ಪ್ರತಿ ಕ್ರಿಸ್‌ಮಸ್‌ಗೆ ರೇಡಿಯೋದಲ್ಲಿ, ಆಮೇಲೆ ಟೀವಿಯಲ್ಲಿ ಭಾಷಣ ಮಾಡುತ್ತಿದ್ದಳಲ್ಲ, ಆ ಧ್ವನಿಮುದ್ರಿಕೆಗಳನ್ನು ಆಸ್ಟ್ರೇಲಿಯಾದ ಸಂಶೋಧಕರು ಒಂದೊಂದು ಸ್ವರ ಹಿಡಿದು ಅಳೆದರು. 2000ನೇ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. 1950ರ ದಶಕದ ರಾಣಿಯ ಸ್ವರಗಳೇ ಬೇರೆ, 1980ರ ದಶಕದ್ದೇ ಬೇರೆ. ಅರಮನೆಯಲ್ಲಿದ್ದೂ ಅವಳ ಉಚ್ಚಾರ ಬೀದಿ ಜನರ ಉಚ್ಚಾರದ ಕಡೆಗೆ ಒಂದಿಷ್ಟು ಸರಿದಿತ್ತು. ಅಂದರೆ ರಾಣಿ ಬದಲಾದಳು, ಕಲಬುರಗಿಯ ದೇಶಮುಖರು ಬದಲಾಗಲಿಲ್ಲ! ಅವರು 1957ರಲ್ಲಿ ಹಡಗು ಹತ್ತುವಾಗ ಕಟ್ಟಿಕೊಂಡು ಬಂದ ಗಂಟು ಹಾಗೇ ಇತ್ತು. ಬದಲಾಗಲು ಅದನ್ನು ಯಾರ ಜೊತೆ ಆಡಬೇಕಿತ್ತು? ನನ್ನ ಜೊತೆಗಾ?

ಬಿಬಿಸಿ ಕತೆಯೂ ಹೀಗೇ. ಯುದ್ಧದ ಕಾಲದಲ್ಲಿ, 1941ರಲ್ಲಿ, ಯಾರ್ಕ್‌ಷೈರ್ ಕಡೆಯ ವಿಲ್‌ಫ್ರೆಡ್ ಪಿಕಲ್ಸ್ ಅನ್ನುವವನಿಗೆ ವಾರ್ತೆ ಓದಲು ಕೊಟ್ಟರು. ಜರ್ಮನ್ನರು ಬಿಬಿಸಿ ಧ್ವನಿಯನ್ನು ನಕಲು ಮಾಡಲು ಕಷ್ಟ ಆಗಲಿ ಅನ್ನುವುದೂ ಇದಕ್ಕೆ ಒಂದು ಕಾರಣ ಅಂತಾರೆ. ಅವನು ಕೊನೆಯಲ್ಲಿ ಉತ್ತರದ ಜನರಿಗೆ ‘ಗುಡ್ ನೈಟ್’ ಬದಲು ತನ್ನ ಊರ ಧಾಟಿಯಲ್ಲಿ ‘ಗುಡ್ ನೀಟ್’ ಅಂದ. ಕೇಳುಗರಿಂದ ದೂರುಗಳು ಬಂದವು. ಇಂಥ ಬಾಯಲ್ಲಿ ಬಂದ ಸುದ್ದಿಯನ್ನು ಹೇಗೆ ನಂಬೋದು ಅಂತ! ಸಾಹೇಬ್ರು ಇದನ್ನು ಹೇಳಿ ಪಿಕಲ್ಸ್ ಧಾಟಿಯನ್ನೂ ಮಾಡಿ ತೋರಿಸುತ್ತಿದ್ದರು. ಆಗ ನನಗೆ ಅದು ಬರೀ ತಮಾಷೆ.

ಈಗ ಇಂಗ್ಲಿಷಿನಲ್ಲಿ ಬರೆದ ಕವಿ ಡಾಮ್ ಮೊರೇಸ್ ವಿಷಯಕ್ಕೆ ಬರಬೇಕು. ಸಾಹೇಬ್ರ ಮನೆಯಲ್ಲಿ ನಾನು ಅತಿ ಹೆಚ್ಚು ಸಲ ಗಟ್ಟಿಯಾಗಿ ಓದಿದ್ದು ಅವನನ್ನೇ. 1938ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ, ಗೋವಾ ಮೂಲದ ಕುಟುಂಬದವನು. ಅಪ್ಪ ಫ್ರಾಂಕ್ ಮೊರೇಸ್ ಹೆಸರಾಂತ ಸಂಪಾದಕ. ಮಗ ಹದಿಮೂರನೇ ವಯಸ್ಸಿಗೇ ಕ್ರಿಕೆಟ್ ಬಗ್ಗೆ ಪುಸ್ತಕ ಬರೆದ, ಆಕ್ಸ್‌ಫರ್ಡಿಗೆ ಹೋದ, ಮೊದಲ ಕವನ ಸಂಕಲನಕ್ಕೇ 1958ರಲ್ಲಿ ಹಾಥಾರ್ನ್‌ಡನ್ ಬಹುಮಾನ ಗೆದ್ದ. ಅದುವರೆಗೆ ಅಷ್ಟು ಸಣ್ಣ ವಯಸ್ಸಿಗೆ ಅದು ಯಾರಿಗೂ ಸಿಕ್ಕಿರಲಿಲ್ಲ. ಜಗತ್ತು ಸುತ್ತಿದ, ಯುದ್ಧಗಳನ್ನು ವರದಿ ಮಾಡಿದ, ಕೊನೆಗೆ ಬೊಂಬಾಯಿಗೇ ಬಂದು ನೆಲೆಸಿದ. 1976ರಲ್ಲಿ ಕರ್ನಾಟಕದ ಬಗ್ಗೆ ಅವನು ಬರೆದ ಪ್ರವಾಸ ಪುಸ್ತಕವನ್ನು ನಮ್ಮ ರಾಜ್ಯ ಸರ್ಕಾರದ ವಾರ್ತಾ ಇಲಾಖೆಯೇ ಪ್ರಕಟಿಸಿತು, ಮಾರಿಯೋ ಮಿರಾಂಡಾ ಚಿತ್ರಗಳ ಜೊತೆ. ಆ ಪ್ರತಿ ಸಾಹೇಬ್ರ ತಲೆದಿಂಬಿನ ಹತ್ತಿರ ಇರುತ್ತಿತ್ತು.

ನಾನು ಡಾಮ್ ಧ್ವನಿಯನ್ನು ಕೇಳಿದ್ದು ಈಚೆಗೆ, ಇಂಟರ್‌ನೆಟ್ಟಿನಲ್ಲಿ. ಕೇಳಿ ರೋಮ ನಿಮಿರಿತು. ಅದೇ ತುಟಿ ಅಲುಗದ ಮಾತು, ಅದೇ ಬಾವಿಯೊಳಗಿನ ಸ್ವರ, ಗೊಣಗಿದ ಹಾಗೆ, ತನಗೇ ಹೇಳಿಕೊಂಡ ಹಾಗೆ. ಬ್ಯಾರಿಸ್ಟರ್ ಸಾಹೇಬ್ರೇ ಬಂದು ಕೂತಂತಾಯಿತು. ಒಂದೇ ದಶಕದ ಇಂಗ್ಲೆಂಡು ಇಬ್ಬರ ಬಾಯಲ್ಲೂ ಅಂಟಿಕೊಂಡಿತ್ತು.

ಸಾಹೇಬ್ರಿಗೆ ಅವನ ಮೇಲೆ ಪ್ರೀತಿಯೂ ಇತ್ತು, ಒಂದು ತಕರಾರೂ ಇತ್ತು. ಇಂಗ್ಲಿಷಿನ ಬಗ್ಗೆ ತಕರಾರಿಲ್ಲ. ‘ಹಂಗ್ ಬರ್ಯಾಂವ ಇನ್ನೊಬ್ಬ ಇಲ್ಲ ನಮ್ಮ ದೇಶದಾಗ.’ ತಕರಾರು ಬೇರೆ. ಆ ಮನುಷ್ಯನಿಗೆ ಇಂಗ್ಲಿಷ್ ಬಿಟ್ಟರೆ ಇಲ್ಲಿಯ ಒಂದು ಭಾಷೆಯೂ ಕೈಹಿಡಿಯುವಷ್ಟು ಬರುತ್ತಿರಲಿಲ್ಲ. ಹುಟ್ಟಿದ ದೇಶದಲ್ಲೇ ಇನ್ನೊಬ್ಬರು ಅನುವಾದ ಮಾಡಿ ಹೇಳಬೇಕು. ‘ಅಂವಗ ಯಾರ್ ಸಂಗಟಾನೂ ಜಗಳ ಆಡ್ಲಾಕ ಬರಂಗಿಲ್ಲ ತಮ್ಮಾ’ ಅನ್ನುತ್ತಿದ್ದರು, ಯಾರೋ ಹತ್ತಿರದ ಸಂಬಂಧಿಕನಿಗೆ ಕಾಯಿಲೆ ಅನ್ನುವ ಧಾಟಿಯಲ್ಲಿ.

ಜಗಳದ ಮಾತು ಯಾಕೆ ಬಂತು ಅಂದರೆ ಅದಕ್ಕೊಂದು ಕತೆ ಇದೆ. ಥಾಮಸ್ ಕೋರಿಯಟ್ ಅಂತ ಒಬ್ಬ ಇಂಗ್ಲಿಷ್ ಅಲೆಮಾರಿ. ಇಂಗ್ಲೆಂಡಿನ ಆಡ್‌ಕೂಂಬ್ ಅನ್ನುವ ಹಳ್ಳಿಯವನು. ಜಹಾಂಗೀರನ ಕಾಲದಲ್ಲಿ ಏಷ್ಯಾವನ್ನು ಬಹುಪಾಲು ನಡೆದುಕೊಂಡೇ ದಾಟಿ 1615ರಲ್ಲಿ ಅಜ್ಮೇರ್ ತಲುಪಿದ. ದಾರಿಯಲ್ಲಿ ಪಾರಸಿ ಭಾಷೆ ಕಲಿತು ಬಾದಶಹನ ಮುಂದೆ ಅದರಲ್ಲೇ ಭಾಷಣ ಬಿಗಿದು ದುಡ್ಡು ಗಿಟ್ಟಿಸಿದ. ಆದರೆ ಸಾಹೇಬ್ರಿಗೆ ಇಷ್ಟವಾದದ್ದು ಆ ಭಾಷಣ ಅಲ್ಲ. ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಮನೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳಿದ್ದಳು. ಬೆಳಗಿನಿಂದ ಸಂಜೆವರೆಗೆ ಎಲ್ಲರನ್ನೂ ಬೈಯುವ ಬಾಯಿ. ಕೋರಿಯಟ್ ಒಂದು ದಿನ ಅವಳದೇ ಹಿಂದೂಸ್ತಾನಿಯಲ್ಲಿ ಅವಳ ಜೊತೆ ಜಗಳಕ್ಕೆ ನಿಂತ. ಬೆಳಗ್ಗೆ ಎಂ‌ಟು ಗಂಟೆಯೊಳಗೆ ಅವಳ ಬಾಯಿ ಕಟ್ಟಿತ್ತಂತೆ, ಒಂದು ಮಾತೂ ಉಳಿದಿರಲಿಲ್ಲವಂತೆ. ರೋ ಜೊತೆಗಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ ಇದನ್ನು ಬರೆದಿಟ್ಟಿದ್ದಾನೆ. ‘ಬಾದಶಹನ ಮುಂದ ಭಾಷಣ ಯಾರರೆ ಬಾಯಿಪಾಠ ಮಾಡ್ತಾರ. ಇದು ನೋಡು ಭಾಷೆ ಬರೂದು ಅಂದ್ರ’ ಅಂತ ಸಾಹೇಬ್ರು ಕುರ್ಚಿಯ ಕೈ ತಟ್ಟುತ್ತಿದ್ದರು. ಕೋರಿಯಟ್ 1617ರಲ್ಲಿ ಸೂರತ್ತಿನಲ್ಲಿ ಸತ್ತ.

ಸಾಹೇಬ್ರು ತೀರಿಕೊಂಡಿದ್ದು 2003ರ ಚಳಿಗಾಲದಲ್ಲಿ. ಮರುವರ್ಷ ಜೂನ್ 2ಕ್ಕೆ ಡಾಮ್ ಮೊರೇಸ್ ಕೂಡ ಹೋದ. ಅವನ ಕೊನೆಯ ಪುಸ್ತಕಗಳಲ್ಲಿ ಒಂದು ಇದೇ ಕೋರಿಯಟ್ ಬಗ್ಗೆ ಅನ್ನುವುದು ಆಗ ಗೊತ್ತಾಯಿತು. ಮುಂಬೈನ ಶಿವಡಿ ಸ್ಮಶಾನದಲ್ಲಿ ಅವನನ್ನು ಹೂತರು. ಆ ಗೋರಿಯ ಒಂದಿಷ್ಟು ಮಣ್ಣನ್ನು ಆಡ್‌ಕೂಂಬಿಗೆ ಒಯ್ದು, ಅವನ ಹುಟ್ಟಿದ ದಿನ ಜುಲೈ 19ಕ್ಕೆ ಅಲ್ಲಿ ಮಣ್ಣು ಮಾಡಿದರು. ಅಲ್ಲಿಂದ ನಡೆದು ಬಂದವನು ಇಲ್ಲಿಯ ಮಣ್ಣಲ್ಲಿ, ಇಲ್ಲಿ ಹುಟ್ಟಿದವನ ಹಿಡಿ ಮಣ್ಣು ಅಲ್ಲಿ. ಸಾಹೇಬ್ರು ಇದ್ದಿದ್ದರೆ ನಾನು ಓಡಿಹೋಗಿ ಹೇಳುತ್ತಿದ್ದ ಸುದ್ದಿ ಇದೊಂದೇ.

ಓಡಿಹೋಗಲು ಆಗ ನಾನು ಕಲಬುರಗಿಯಲ್ಲಿ ಇರಲೂ ಇಲ್ಲ. ಬೆಂಗಳೂರಿಗೆ ಬಂದು ಎಂಟು ವರ್ಷ ಆಗಿತ್ತು. ಶುರುವಿನಲ್ಲೇ ಒಂದು ಚಾನೆಲ್ಲಿಗೆ ವಾರ್ತೆ ಓದಲು ಪರೀಕ್ಷೆ ಕೊಟ್ಟಿದ್ದೆ. ಒಂದು ಪುಟ ಓದಿಸಿದರು. ಒಳಗಿದ್ದವರು ಸಭ್ಯ ಜನ, ಬೈಯಲಿಲ್ಲ. ‘ನಿಮ್ಮ ಓದು ಚೆನ್ನಾಗಿದೆ. ಆದ್ರೆ ಸ್ವಲ್ಪ ಆ ಕಡೆಯದು, ಅಲ್ವಾ?’ ಅಂದರು. ಆ ಕಡೆ ಅಂದರೆ ಯಾವ ಕಡೆ ಅಂತ ನಾನೂ ಕೇಳಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಪಿಕಲ್ಸ್ ನೆನಪಾದ. ಗುಡ್ ನೀಟ್.

ಆಮೇಲೆ ನಾನು ಮಾಡಿದ್ದು ಹೇಳಲು ಈಗ ನಾಚಿಕೆ. ರೂಮಿನಲ್ಲಿ ಕೂತು ನಾಲಿಗೆ ಉಜ್ಜಿದೆ. ‘ಅದ’ ಹೋಗಿ ‘ಇದೆ’ ಬಂತು, ‘ಬ್ಯಾಡ’ ಹೋಗಿ ‘ಬೇಡ’, ‘ಖರೇ’ ಹೋಗಿ ‘ನಿಜ’, ‘ಹೊಂಟೀನಿ’ ಹೋಗಿ ‘ಹೊರಡ್ತಿದೀನಿ’. (ಸಿನಿಮಾದವರು ಉತ್ತರ ಕರ್ನಾಟಕ ಅಂದರೆ ಎಲ್ಲರ ಬಾಯಿಗೂ ‘ಐತಿ’ ತುರುಕುತ್ತಾರೆ. ಅದು ಧಾರವಾಡ ಕಡೆಯದು ಸ್ವಾಮಿ. ನಮ್ಮ ಕಡೆ ‘ಅದ’.) ಆರು ತಿಂಗಳಲ್ಲಿ ನಾನು ಯಾವ ಊರಿನವನು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇರೆ ಕಡೆ ಕೆಲಸವೂ ಸಿಕ್ಕಿತು. ರಜೆಗೆ ಊರಿಗೆ ಹೋದಾಗ ಸಾಹೇಬ್ರು ನನ್ನ ಹೊಸ ಕನ್ನಡವನ್ನು ಅರ್ಧ ತಾಸು ಕೇಳಿದರು. ಆಮೇಲೆ ಅಡುಗೆಯವಳಿಗೆ ಕೂಗಿ, ‘ಯವ್ವಾ, ಬೆಂಗಳೂರಿಂದ ಸಾಹೇಬ್ರು ಬಂದಾರ, ಚಾ ಕೊಡು’ ಅಂದರು. ಅಷ್ಟೇ. ಅವರ ಇಂಗ್ಲಿಷನ್ನು ಅಣಕಿಸಿದ್ದ ಹುಡುಗ ನಾನು.

ನಮ್ಮ ಕಡೆಯವರಿಗೆ ಈ ಸಂಕಟ ಹೊಸದಲ್ಲ ಬಿಡಿ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಸೇಡಂ ತಾಲೂಕಿನಲ್ಲಿದೆ. ಒಂಬತ್ತನೇ ಶತಮಾನದ್ದು, ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದದ್ದು. ಅದರಲ್ಲಿ ತಿರುಳ್ಗನ್ನಡ ಎಲ್ಲಿದೆ ಅಂತ ಹೇಳುವಾಗ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದದ ನಡುವಿನ ನಾಡನ್ನು ತೋರಿಸುತ್ತಾನೆ. ಮಳಖೇಡ ಆ ಗೆರೆಯ ಒಳಗಿಲ್ಲ! ನಮ್ಮ ನೆಲದಲ್ಲಿ, ನಮ್ಮ ರಾಜನ ಮನೆಯಲ್ಲಿ ಕೂತುಕೊಂಡೇ ಒಳ್ಳೆ ಕನ್ನಡ ಬೇರೆ ಕಡೆ ಇದೆ ಅಂತ ಬರೆದುಬಿಟ್ಟ. ಸಾವಿರದ ನೂರು ವರ್ಷ ಕಳೆದರೂ ಅದನ್ನೇ ಕೇಳುತ್ತಿದ್ದೇವೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಅವನು ‘ಕನ್ನಡಂಗಳ್’ ಅಂತಾನೆ, ಕನ್ನಡಗಳು, ಬಹುವಚನ. ದೇಸಿ ಬೇರೆ ಬೇರೆ ಇರುವುದರಿಂದ ಅವುಗಳ ದೋಷ ಲೆಕ್ಕ ಹಾಕಲು ಹೋದರೆ ವಾಸುಕಿಗೂ ಬೇಸರ ಬರುತ್ತದೆ ಅಂತಾನೆ. ಸಾವಿರ ನಾಲಿಗೆಯ ಹಾವಿಗೇ ಆಗದ್ದನ್ನು ನಾನು ಬಾಡಿಗೆ ರೂಮಿನಲ್ಲಿ ಕೂತು ಮಾಡಲು ಹೊರಟಿದ್ದೆ.

ಹೋದ ದೀಪಾವಳಿಗೆ ಊರಲ್ಲಿ ಮುತ್ಯಾನ ಟ್ರಂಕು ತೆಗೆದೆವು. ನಿಜಾಮರ ಕಾಲದ ಫಸಲಿ ಇಸವಿ ಹಾಕಿದ ಉರ್ದು ಕಾಗದಗಳು, ಒಂದು ಕಟ್ಟು ರಸೀದಿ, ತಳದಲ್ಲಿ ಒಂದು ಕ್ಯಾಸೆಟ್ಟು. ಮೇಲೆ ನನ್ನದೇ ಅಕ್ಷರದಲ್ಲಿ ‘ಸಾಹೇಬ್ರ ಭಾಷಣ 1990’. ನೆನಪಾಯಿತು. ಹೈದರಾಬಾದ್ ರೇಡಿಯೋಗೆ ಒಂದು ಇಂಗ್ಲಿಷ್ ಭಾಷಣ ಕೊಡಬೇಕಿತ್ತು. ಕಣ್ಣು ಕಾಣದ್ದರಿಂದ ನಾನು ಒಂದೊಂದು ಸಾಲು ಓದಬೇಕು, ಅವರು ಬಾಯಿಪಾಠ ಮಾಡಿ ಟೇಪಿಗೆ ಹೇಳಬೇಕು. ಕ್ಯಾಸೆಟ್ಟು ಹಾಕಲು ಮಷೀನು ಹುಡುಕುವುದೇ ಎರಡು ದಿನದ ಕೆಲಸವಾಯಿತು. ಕೊನೆಗೆ ಷಾಬಜಾರದ ಒಬ್ಬ ಹಳೇ ರೇಡಿಯೋ ರಿಪೇರಿಯವನ ಹತ್ತಿರ ಸಿಕ್ಕಿತು.

ಭಾಷಣ ಮೆಡೋಸ್ ಟೇಲರ್ ಬಗ್ಗೆ. ಸುರಪುರದಲ್ಲಿ ಬಹಳ ವರ್ಷ ಇದ್ದ ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಅಲ್ಲಿಯ ಆಡಳಿತ ನೋಡಿದವನು. ಮುಂದೆ 1858ರಲ್ಲಿ ದಂಗೆ ಎದ್ದು ಸೆರೆಯಾದ ಆ ರಾಜ ಟೇಲರನನ್ನು ಕರೆಯುತ್ತಿದ್ದದ್ದು ‘ಅಪ್ಪ’ ಅಂತ. ಟೇಪಿನಲ್ಲಿ ಸಾಹೇಬ್ರ ಇಂಗ್ಲಿಷ್ ನಿಧಾನಕ್ಕೆ ಹರಿಯುತ್ತದೆ, ಬಾವಿಯೊಳಗಿಂದ, ‘ಓಫ್’, ‘ವೆಡಿ’. ಆ ಪದದ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಾರೆ. ಆಮೇಲೆ ‘ಅಪ್ಪಾ’ ಅನ್ನುತ್ತಾರೆ. ಅದು ಇಂಗ್ಲಿಷ್ ಧಾಟಿಯ ಅಪ್ಪ ಅಲ್ಲ. ನಮ್ಮೂರ ಶರಣಬಸವೇಶ್ವರ ಅಪ್ಪನ ಗುಡಿ ಮುಂದೆ ಕೂಗುವ, ಬಿದ್ದಾಗ ಬಾಯಿಗೆ ಬರುವ ಅಪ್ಪಾ. ತಕ್ಷಣ ಮತ್ತೆ ಇಂಗ್ಲೆಂಡು. ಆ ಜಾಗವನ್ನು ನಾಲ್ಕು ಸಲ ಹಿಂದಕ್ಕೆ ಹಾಕಿಸಿ ಕೇಳಿದೆ. ರಿಪೇರಿಯವನು ಟೇಪು ಹರಿದೀತು ಅಂದ.

ಮುಂದೆ ದೂರದಿಂದ ಒಂದು ಹೆಂಗಸಿನ ದನಿ. ಪುಂಡಿಪಲ್ಯಾ, ಮೆಂತಿಪಲ್ಯಾ, ರಾಜಗೀರಾ. ಸಾಹೇಬ್ರು ಇಂಗ್ಲಿಷ್ ವಾಕ್ಯವನ್ನು ಅರ್ಧಕ್ಕೇ ಬಿಡುತ್ತಾರೆ.

‘ಏ ಯವ್ವಾ, ಪುಂಡಿಪಲ್ಯ ಹ್ಯಾಂಗ ಕೊಟ್ಟಿ?’

‘ರೂಪಾಯಿಗಿ ಯಾಡ್ ಸೂಡ್ರೀ ಸಾಹೇಬ್ರ.’

‘ನಿನ್ನಿ ಮೂರ್ ಕೊಟ್ಟಿ ಅಲ್ಲೇನು?’

‘ನಿನ್ನಿ ಮಳಿ ಎಲ್ಲಿ ಬಂದಿತ್ರೀ?’

‘ಮಳಿ ಬಂದ್ರ ಪಲ್ಯ ಜಾಸ್ತಿ ಬೆಳೀತದ. ಧಾರಣಿ ಇಳೀಬೇಕು, ಏರ್ಬಾರ್ದು.’

‘ಮಳ್ಯಾಗ ತೋಯ್ಸಿಕೊಂಡ್ ಬಂದಾಕಿ ನಾ ಇದ್ದೀನ್ರೀ, ಪಲ್ಯ ಅಲ್ಲ.’

ಇಲ್ಲಿ ಟೇಪಿನಲ್ಲಿ ಏನೂ ಕೇಳಿಸುವುದಿಲ್ಲ. ಫ್ಯಾನಿನ ಸದ್ದು ಮಾತ್ರ. ಲಂಡನ್ನಿನಲ್ಲಿ ಅಷ್ಟು ಊಟ ಮಾಡಿ ಬಂದ ಬ್ಯಾರಿಸ್ಟರಿಗೆ ಉತ್ತರ ಇಲ್ಲ. ಆಮೇಲೆ ಒಂದು ಹುಡುಗನ ದನಿ, ಒಡೆಯುತ್ತಿರುವ ಗಂಟಲು, ದಪ್ಪ ಕಲಬುರ್ಗಿ ಕನ್ನಡ.

‘ಯಾಡೇ ತಗೋರಿ ಸಾಹೇಬ್ರ. ಆಕಿ ಕೊಡಂಗಿಲ್ಲ.’

‘ಇದ್ಯಾರ್ರೀ, ಈ ಹುಡುಗ?’ ಅಂತ ರಿಪೇರಿಯವನು ಕೇಳಿದ. ನಾನು ಹೇಳುವಷ್ಟರಲ್ಲಿ ಟೇಪಿನಲ್ಲಿ ಚಿಲ್ಲರೆ ಎಣಿಸುವ ಸದ್ದು ಬಂತು, ಒದ್ದೆ ಸೂಡುಗಳನ್ನು ಫರ್ಶಿ ಮೇಲೆ ಇಟ್ಟ ಸದ್ದು ಬಂತು. ಆಕೆ ಹೋಗುತ್ತಾ ‘ಇಕಾ ಇನ್ನೊಂದು ತಗೋರಿ, ಮುದುಕ ಮನಶಾ ಇದ್ದೀರಿ’ ಅಂದಳು.